ಅಂಗೈಯಗಲದ ತೇಪೆ

ಮಾರ್ಚ್ 4, ಸೋಮವಾರ

ಐದೂವರೆಗೆ ಎದ್ದೆ. ಅಕ್ಕನ ಮಂಡಿಗೆ ಎಣ್ಣೆ ತಿಕ್ಕಿದ್ದಾಯಿತು. ಟೀ ಆಯಿತು. ಅವಳ ಕನ್ನಡಕದ ಕಡ್ಡಿ ಮತ್ತೆ ಮುರಿದಿದೆ. ಅಂಟು ಹಾಕಿ, ಬಟ್ಟೆ ಕ್ಲಿಪ್ ಕಚ್ಚಿಸಿ ಕಿಟಕಿಯಲ್ಲಿಟ್ಟೆ. ಮೂವತ್ತೊಂದು ವರ್ಷ ಮ್ಯೂಸಿಯಮ್ಮಿನ ರಿಪೇರಿ ರೂಮಿನಲ್ಲಿ ಕೂತು ಹಳೇ ಚಿತ್ರಗಳಿಗೆ ತೇಪೆ ಹಾಕಿದವಳು. ರಿಟೈರಾಗಿ ಆರು ವರ್ಷಕ್ಕೆ ಕನ್ನಡಕದ ಕಡ್ಡಿಗೆ ಬಂದು ನಿಂತಿದ್ದೇನೆ.

"ಅಷ್ಟಕ್ಕಾದ್ರೂ ಬಂತಲ್ಲ ನಿನ್ನ ವಿದ್ಯೆ" ಅಂದಳು ಅಕ್ಕ. ಎಪ್ಪತ್ತೊಂದು ವರ್ಷ. ಮಂಡಿ ಸವೆದಿದೆ, ನಾಲಿಗೆ ಸವೆದಿಲ್ಲ.

ಸಂಜೆ ದರ್ಜಿಯ ಅಂಗಡಿಯಲ್ಲಿ ಓಣಿಯವರ ಮೀಟಿಂಗ್. ಎಲ್ಲರ ಕೈಯಲ್ಲೂ ಕಾರ್ಪೊರೇಷನ್ನಿನ ನೋಟಿಸು. ನಲವತ್ತೆರಡು ಮನೆ ಕೆಡವಿ, ಕಾರು ನಿಲ್ಲಿಸಲು ಐದು ಮಹಡಿ ಕಟ್ಟುತ್ತಾರಂತೆ. ಮನುಷ್ಯರನ್ನು ಎಬ್ಬಿಸಿ ಕಾರುಗಳನ್ನು ಮಲಗಿಸುವ ಯೋಜನೆ. ನೂರು ವರ್ಷ ದಾಟಿದ ಓಣಿಯಾದರೆ ಮುಟ್ಟುವಂತಿಲ್ಲ, ಕಾನೂನಿದೆ. ಆದರೆ ಅವರ ಪ್ರಕಾರ ಇದು ಪಾಳು ಜಾಗವಾಗಿತ್ತು, ನಮ್ಮ ಅಪ್ಪಂದಿರು ನುಗ್ಗಿ ಕೂತರು. ಅಲ್ಲ ಅನ್ನಲು ಕಾಗದವಿಲ್ಲ. ದಾಖಲೆ ಕಚೇರಿಯ ಹಳೇ ಪುಸ್ತಕಗಳನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಯಿತು.

ಲಾಯರಮ್ಮ ಓಣಿಯ ಮೇಲ್ತುದಿಯವಳು. ನಮ್ಮ ಕಣ್ಣೆದುರೇ ಬೆಳೆದವಳು. ಅವಳಿಗೆ ಒಂದು ದಾರಿ ಹೊಳೆದಿದೆ: "ಬಾವಿಕಟ್ಟೆ ಮೇಲೆ ಹಗ್ಗದ ಗೀರುಗಳಿವೆಯಲ್ಲ, ನಾಲ್ಕು ಬೆರಳು ಆಳ. ಕಲ್ಲು ನೋಡಿ ವಯಸ್ಸು ಹೇಳೋ ತಜ್ಞರಿದ್ದಾರೆ. ಕಾಗದ ಬರೀತೀನಿ. ಬರೋಕೆ ಎರಡು ಮೂರು ತಿಂಗಳಾಗಬಹುದು."

ಮೇಷ್ಟ್ರು ಎದ್ದು ನಿಂತರು. ರಿಟೈರಾದ ಮೇಲೂ ಕೈಯಲ್ಲಿ ಕಡ್ಡಿ ಇಲ್ಲದೆ ಮಾತು ಬರುವುದಿಲ್ಲ, ದರ್ಜಿಯ ಅಳತೆಪಟ್ಟಿ ಹಿಡಿದುಕೊಂಡರು. "ಕಲ್ಲು ಮಾತಾಡೋದನ್ನ ಕಾಯ್ತಾ ಕೂರೋದಾ? ನಾನೂ ಹುಡುಕ್ತೀನಿ."

ಹುಡುಕಲಿ ಪಾಪ.

ಮಾರ್ಚ್ 10, ಭಾನುವಾರ

ಮೇಷ್ಟ್ರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. ಚಪ್ಪಲಿ ಬಿಡುವುದನ್ನೂ ಮರೆತಿದ್ದರು.

"ಸಿಕ್ತು ಕಣಮ್ಮಾ! ನಿಮ್ಮ ಮ್ಯೂಸಿಯಮ್ಮಲ್ಲೇ! ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕ್ದಂಗಾಯ್ತು!"

ಮೇಲಿನ ಮಹಡಿ, ನಗರದ ದೊಡ್ಡ ಚಿತ್ರ. ನೂರ ಎಂಬತ್ತು ವರ್ಷದ್ದು ಅಂತ ಕೆಳಗೆ ಬರೆದಿದೆ. ಎಡಗಡೆ ಕೆಳಮೂಲೆಯಲ್ಲಿ ನಮ್ಮ ಓಣಿ. ಏಳು ಮೆಟ್ಟಿಲು, ತಿರುವು, ಬಾವಿ, ನೀಲಿ ಬಾಗಿಲು. ಒಂದೂ ಬಿಟ್ಟಿಲ್ಲ! "ನೀವು ಅಷ್ಟು ವರ್ಷ ಅಲ್ಲೇ ಇದ್ರಲ್ಲ, ಒಂದಿನಾನೂ ಕಣ್ಣಿಗೆ ಬೀಳಲಿಲ್ವಾ?"

ಟೀ ಕೊಟ್ಟೆ. ಅರ್ಧ ಬಸಿಯಲ್ಲೇ ಚೆಲ್ಲಿತು. ಖುಷಿಗೆ ಅಂದುಕೊಂಡರು. ಹತ್ತಿರದಿಂದ ನೋಡಬೇಕು ಅಂತ ನನ್ನ ಭೂತಗನ್ನಡಿ ಕೇಳಿದರು. ಕೊಟ್ಟೆ. ನಾನೇ ಎದ್ದು, ಪೆಟ್ಟಿಗೆಯಿಂದ ತೆಗೆದು, ಒರೆಸಿ ಕೊಟ್ಟೆ.

ಮಾರ್ಚ್ 12, ಮಂಗಳವಾರ

ಬರೆದುಬಿಡುತ್ತೇನೆ. ಇಲ್ಲಿಯಾದರೂ.

ಇಪ್ಪತ್ತೊಂಬತ್ತು ವರ್ಷದ ಹಿಂದೆ ಆ ಕೋಣೆಯ ಗೋಡೆಯೊಳಗೆ ನೀರಿನ ಪೈಪು ಒಡೆಯಿತು. ಚಿತ್ರದ ಎಡಮೂಲೆ ಅಂಗೈ ಅಗಲ ಬೊಬ್ಬೆ ಎದ್ದು ಉದುರಿತು. ನಮ್ಮ ಕೆಲಸದ ನಿಯಮ ಮೊದಲ ದಿನವೇ ಹೇಳಿಕೊಡುತ್ತಾರೆ—ಹೋದದ್ದು ಹೋಯಿತು. ಅಲ್ಲಿ ಏನಿತ್ತೋ ಗೊತ್ತಿಲ್ಲದಿದ್ದರೆ ಮಂಕು ಬಣ್ಣ ತುಂಬಿ ಬಿಡಬೇಕು. ಹೊಸದಾಗಿ ಒಂದು ಹುಲ್ಲುಕಡ್ಡಿಯನ್ನೂ ಬರೆಯಬಾರದು. ಹಳೇ ಫೋಟೋದಲ್ಲಿ ಆ ಮೂಲೆ ಬರೀ ಕತ್ತಲೆ.

ಆಗ ಇದ್ದ ದೊಡ್ಡ ಸಾಹೇಬರು ಬಾಗಿಲಲ್ಲೇ ನಿಂತು ಹೇಳಿದರು: "ಗುರುವಾರ ಮಂತ್ರಿಗಳು ಬರ್ತಾರೆ. ತೂತು ಕಾಣಬಾರದು. ಏನಾದ್ರೂ ತುಂಬಿಸಿಡಮ್ಮ."

ಮೂರು ದಿನ. ಲೆಕ್ಕ ಹಾಕಿ ನೋಡಿದೆ: ಗಡಿಯಾರ ಗೋಪುರದ ಕೆಳಗೆ, ನದಿಗೆ ಇಳಿಯುವ ದಾರಿ. ನಮ್ಮ ಓಣಿ ಅಲ್ಲೇ ಬರಬೇಕು. ದಿನಾ ನೋಡುವ ಓಣಿಯನ್ನು ಇದ್ದ ಹಾಗೇ ಬರೆದೆ. ಮೆಟ್ಟಿಲು, ಬಾವಿ, ನೀಲಿ ಬಾಗಿಲು. ಮೇಲಿನ ಕಿಟಕಿಯಲ್ಲಿ ತಲೆ ಬಾಚಿಕೊಳ್ಳುವ ಒಬ್ಬ ಹೆಂಗಸು, ಭತ್ತದ ಕಾಳಿನಷ್ಟು. ಆ ಮೂರು ದಿನ ಊಟ ನಿದ್ದೆ ನೆನಪಾಗಲಿಲ್ಲ. ಅಷ್ಟು ಸುಖ ಆಮೇಲೆ ಯಾವತ್ತೂ ಪಡಲಿಲ್ಲ. ರಿಪೋರ್ಟಿನಲ್ಲಿ ಬರೆದೆ: 'ಸಣ್ಣ ಹಾನಿ. ಬಣ್ಣ ಸರಿಪಡಿಸಲಾಗಿದೆ.'

ಮಂತ್ರಿಗಳು ಬಂದರು, ಸಮೋಸ ತಿಂದರು, ಹೋದರು. ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ.

ಇಪ್ಪತ್ತೊಂಬತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ. ದೊಡ್ಡ ದೊಡ್ಡ ಪಂಡಿತರು ಮೂಗು ತಾಗಿಸಿ ನೋಡಿ ಹೋದರು. ಒಳಗೊಳಗೇ ಹಿಗ್ಗುತ್ತಿದ್ದೆ. ಆ ಕಟ್ಟಡದಲ್ಲಿ ನನ್ನದು ಅಂತ ಇದ್ದದ್ದು ಅಷ್ಟೇ.

ಮಾರ್ಚ್ 17, ಭಾನುವಾರ

ಓಣಿಗೆ ಓಣಿಯೇ ಮ್ಯೂಸಿಯಮ್ಮಿಗೆ ಹೊರಟಿತು. ಅಕ್ಕನೂ ಬರುತ್ತೇನೆ ಅಂದಳು. ಆಟೋದಲ್ಲಿ ಕೂರಿಸಿಕೊಂಡು ಹೋದೆ. ಲಿಫ್ಟ್ ಕೆಟ್ಟಿತ್ತು. ನನ್ನ ಕಾಲದಲ್ಲೂ ಕೆಟ್ಟೇ ಇತ್ತು.

ಆರು ವರ್ಷದ ಮೇಲೆ ಆ ಚಿತ್ರದ ಎದುರು ನಿಂತೆ. ಒಂಬತ್ತು ಅಡಿ ಅಗಲ, ಐದಡಿ ಎತ್ತರ. ನದಿಯಾಚೆಯ ಗುಡ್ಡದಿಂದ ಕಂಡ ನಗರ. ಸೇತುವೆಯ ಮೇಲೆ ಹಲಗೆ ಹೊತ್ತವನು ಇನ್ನೂ ದಾಟಿಲ್ಲ. ಹಿಂದೆ ಅವನ ನಾಯಿ. ಚಿತ್ರಗಾರನಿಗೆ ನಾಯಿ ಬರೆಯಲು ಬರುತ್ತಿರಲಿಲ್ಲ, ಕುರಿಯ ಹಾಗೆ ಕಾಣುತ್ತದೆ. ಆದರೆ ಹೊಗೆ! ನೂರಾರು ಮನೆಗಳಿಂದ ಏಳುವ ಬೆಳಗಿನ ಹೊಗೆ, ಒಂದರಂತೆ ಇನ್ನೊಂದಿಲ್ಲ. ಯಾವ ಮನೆಯಲ್ಲಿ ಹಸಿ ಸೌದೆ, ಯಾವ ಮನೆಯಲ್ಲಿ ಒಣ ಸೌದೆ ಅಂತ ಹೇಳಬಹುದು. ಹೊಗೆ ನೋಡುತ್ತಿದ್ದರೆ ಎದೆ ತುಂಬಿ ಬರುತ್ತಿತ್ತು ಆಗೆಲ್ಲ. ಇವತ್ತು ಬರಲಿಲ್ಲ. ಆ ಚಿತ್ರಗಾರನೂ ಸುಳ್ಳ. ಗಡಿಯಾರ ಗೋಪುರ ಅಷ್ಟು ಎತ್ತರ ಯಾವ ಕಾಲಕ್ಕೂ ಇರಲಿಲ್ಲ, ಯಾವ ಧಣಿಯನ್ನು ಮೆಚ್ಚಿಸಲು ಎಳೆದನೋ. ಅವನ ಸುಳ್ಳಿಗೆ ಬಂಗಾರದ ಚೌಕಟ್ಟು. ಒಂದು ಸಂಜೆ ಪೂರ್ತಿ ಅವನ ಮೇಲೆ ಕೆಂಡ ಕಾರಬೇಕೆನಿಸಿತು.

ಎಡಮೂಲೆಯಲ್ಲಿ ಜನ. ದರ್ಜಿ ಫೋಟೋ ತೆಗೆಯುತ್ತಿದ್ದ. ಮೇಷ್ಟ್ರು ನನ್ನ ಭೂತಗನ್ನಡಿಯನ್ನು ಕಡ್ಡಿಯ ಹಾಗೆ ಆಡಿಸುತ್ತ ಪಾಠ ಮಾಡುತ್ತಿದ್ದರು: "ಕಿಟಕಿ ನೋಡಿ! ನೂರ ಎಂಬತ್ತು ವರ್ಷದ ಹಿಂದೇನೂ ನಮ್ಮ ಓಣಿ ಹೆಂಗಸರು ಕಿಟಕಿ ಬಿಟ್ಟು ಅಲ್ಲಾಡ್ತಿರಲಿಲ್ಲ!" ಎಲ್ಲರೂ ನಕ್ಕರು. ಯಾರೋ ಅತ್ತರು ಕೂಡ.

ಲಾಯರಮ್ಮ ನನ್ನ ತೋಳು ಹಿಡಿದುಕೊಂಡಳು. "ಇನ್ನು ಕಲ್ಲಿನ ತಜ್ಞರೂ ಬೇಡ ಏನೂ ಬೇಡ ಆಂಟಿ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?"

ಆಗಲೇ ಹೇಳಬೇಕಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು.

ಅಕ್ಕ ಕನ್ನಡಕ ಮೇಲೆತ್ತಿ ಆ ಮೂಲೆ ನೋಡಿದಳು. ಮನೆಗೆ ಬಂದು, ಕಾಲು ಚಾಚಿ ಕೂತು, ಆಮೇಲೆ ಅಂದಳು: "ಆ ಕಿಟಕಿಯವಳು ಎಡಗೈಲಿ ಬಾಚ್ಕೋತಿದ್ದಾಳೆ."

ಅಕ್ಕ ಎಡಚಿ.

"ಅಷ್ಟು ದಪ್ಪ ಇದ್ನೇನೆ ನಾನು ಆವಾಗ?"

ನಕ್ಕೆ. ಅವಳು ನಗಲಿಲ್ಲ. "ಹೋಗಿ ಆ ಹುಡುಗಿಗೆ ಹೇಳ್ಬಿಡು. ಇನ್ನೂ ಟೈಮಿದೆ. ಬೇರೆ ಏನಾದ್ರೂ ಹುಡುಕ್ತಾರೆ."

"ನೋಡೋಣ" ಅಂದೆ.

ಮಾರ್ಚ್ 24, ಭಾನುವಾರ

ಅಕ್ಕ ಮತ್ತೆ ಅದೇ ರಾಗ. ಜಗಳವಾಯಿತು.

"ಯಾರಿಗೆ ಗೊತ್ತಾಗತ್ತೆ? ಇಷ್ಟು ವರ್ಷ ಗೊತ್ತಾಗಲಿಲ್ಲ!"

"ಗೊತ್ತಾಗಲ್ಲ ಅಂತ ನೀನು ಸುಮ್ನಿದೀಯೋ, ಗೊತ್ತಾಗದಷ್ಟು ಚೆನ್ನಾಗಿದೆ ಅಂತ ಸುಮ್ನಿದೀಯೋ?"

ಒಲೆ ಆರಿಸಿ ಎದ್ದು ಹೋದೆ. ಹುಟ್ಟಿದಾಗಿನಿಂದ ನೋಡಿದವಳು, ಅವಳ ಹತ್ತಿರ ಮುಚ್ಚುಮರೆ ಎಲ್ಲಿ. ಹೌದು, ಚೆನ್ನಾಗಿದೆ ಅಂತಲೇ. ಓಣಿಯೆಲ್ಲ ಅದರ ಮುಂದೆ ನಿಂತು ಕಣ್ಣೀರು ಹಾಕಿತಲ್ಲ, ಅದನ್ನು ನೋಡಿ ಹೆಮ್ಮೆಯಾಯಿತು ನನಗೆ. ನಾಚಿಕೆಯೂ ಆಯಿತು. ಹೆಮ್ಮೆ ಒಂದು ತೂಕ ಜಾಸ್ತಿ.

ಏಪ್ರಿಲ್ 2, ಮಂಗಳವಾರ

ಲಾಯರಮ್ಮ ಕಾಗದ ತಂದಳು. "ನೀವು ಅಲ್ಲೇ ಇದ್ದವರು. ಚಿತ್ರ ಹಳೇದು ಅಂತ ಒಂದು ಮಾತು ಬರ್ಕೊಡಿ ಆಂಟಿ, ಸಾಕು."

ಬರೆದೆ: 'ಸದರಿ ಚಿತ್ರವು ಸುಮಾರು ನೂರ ಎಂಬತ್ತು ವರ್ಷಗಳಷ್ಟು ಹಳೆಯದು.' ಸಹಿ ಹಾಕಿದೆ. ಒಂದಕ್ಷರವೂ ಸುಳ್ಳಲ್ಲ. ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಮಾಡುತ್ತಿರಲಿಲ್ಲ.

ಮೇ 21, ಮಂಗಳವಾರ

ಏಳು ವಾರ ಬರೆಯಲಿಲ್ಲ. ಬರೆಯಲು ಕೂತರೆ ನಿಜ ಬರೆಯಬೇಕಾಗುತ್ತದೆ.

ಮೇಷ್ಟ್ರು ಕೋರ್ಟಿನಲ್ಲಿ ಪ್ರಮಾಣ ಮಾಡಿ ಸಾಕ್ಷಿ ಹೇಳಿ ಬಂದರಂತೆ. ಹೊಸ ಷರ್ಟು. ದರ್ಜಿ ಹೊಲಿದು ಕೊಟ್ಟದ್ದು.

ಮಧ್ಯಾಹ್ನ ಮ್ಯೂಸಿಯಮ್ಮಿನಿಂದ ಫೋನು. ಮಾತಾಡಿದ್ದು ನಾನು 'ಹತ್ತಿ' ಅಂತ ಕರೆಯುವ ಹುಡುಗಿ. ಕೆಲಸಕ್ಕೆ ಸೇರಿದಾಗ ನನ್ನ ಪಕ್ಕ ಕೂತು ದಿನವಿಡೀ ಚಿತ್ರ ಒರೆಸುವ ಕಡ್ಡಿಗೆ ಹತ್ತಿ ಸುತ್ತುತ್ತಿದ್ದಳು, ಹಾಗಾಗಿ ಆ ಹೆಸರು. ಈಗ ರಿಪೇರಿ ರೂಮಿಗೆಲ್ಲ ಅವಳೇ ಯಜಮಾನಿ.

"ಮೇಡಂ, ಕಾರ್ಪೊರೇಷನ್ ಲಾಯರು ಚಿತ್ರ ಪರೀಕ್ಷೆ ಮಾಡ್ಬೇಕು ಅಂತ ಕೋರ್ಟಿಂದ ಆರ್ಡರ್ ತಂದಿದ್ದಾರೆ. ಬೆಳಿಗ್ಗೆ ನೇರಳೆ ದೀಪ ಹಿಡಿದೆ."

ಆ ದೀಪದ ಕೆಳಗೆ ಹಳೇ ಮೆರುಗೆಲ್ಲ ಹಸಿರಾಗಿ ಹೊಳೆಯುತ್ತದೆ. ಆಮೇಲೆ ಹಚ್ಚಿದ್ದು ಕಪ್ಪಗೆ ಕಾಣುತ್ತದೆ. ಅವಳಿಗೆ ಅದನ್ನು ಹೇಳಿಕೊಟ್ಟವಳು ನಾನೇ.

"ರಿಪೋರ್ಟಲ್ಲಿ ಸಣ್ಣ ಹಾನಿ ಅಂತ ಬರ್ದಿದ್ದೀರಿ ಮೇಡಂ. ಅಂಗೈ ಅಗಲ ಇದೆ. ನಾನು ಇದ್ದದ್ದನ್ನ ಬರೀಲೇಬೇಕು. ನೀವೇ ಕಲಿಸಿದ್ದು..."

ಹೂಂ ಅಂದೆ.

"ಒಂದ್ ಮಾತು ಹೇಳ್ಲಾ? ದೀಪ ಹಿಡಿಯೋವರೆಗೂ ನಂಗೂ ಗೊತ್ತಾಗಲಿಲ್ಲ ಮೇಡಂ. ಅಷ್ಟು ಚೆನ್ನಾಗಿದೆ."

ಇಪ್ಪತ್ತೊಂಬತ್ತು ವರ್ಷ ಕಾದಿದ್ದೆ ಆ ಮಾತಿಗೆ. ಫೋನಿಟ್ಟು ಹೋಗಿ, ಬೆಳಿಗ್ಗೆ ತಿಕ್ಕಿದ್ದ ಅಕ್ಕನ ಮಂಡಿಗೇ ಮತ್ತೆ ಎಣ್ಣೆ ತಿಕ್ಕಿದೆ.

ಜೂನ್ 12, ಬುಧವಾರ

ತೀರ್ಪು. ಸೋತೆವು. ಕೋರ್ಟಿನಲ್ಲಿ ಹತ್ತಿಯ ರಿಪೋರ್ಟು ಓದಿದರಂತೆ, ನನ್ನ ಹೆಸರು ಸಮೇತ.

ಲಾಯರಮ್ಮ ಕೊನೇ ಗಳಿಗೆಯಲ್ಲಿ ಬಾವಿಕಟ್ಟೆಯ ಮಾತೆತ್ತಿದಳಂತೆ. ಗೀರುಗಳ ಫೋಟೋ ಕೊಟ್ಟಳಂತೆ. ಜಡ್ಜು ನೋಡಲೂ ಇಲ್ಲ. "ಒಂದು ಸುಳ್ಳು ಸಾಕ್ಷಿ ತಂದವರ ಎರಡನೇ ಸಾಕ್ಷಿ ಹೇಗೆ ನಂಬೋದು? ನಾಳೆ ಆ ಗೀರನ್ನೂ ನೀವೇ ಉಜ್ಜಿದ್ದು ಅಂತ ಗೊತ್ತಾದರೆ?" ಅಂದರಂತೆ.

ಬಾವಿ ನಿಜವಾಗಿ ಹಳೆಯದು. ನಮ್ಮಮ್ಮನ ಅಜ್ಜಿ ಅದರಲ್ಲಿ ನೀರು ಸೇದಿದವಳು. ನಿಜ ನಮ್ಮ ಕಡೆಯೇ ಇತ್ತು. ಅದರ ಮೇಲೆ ನನ್ನ ಸುಳ್ಳು ಬಳಿದು ಹಾಳು ಮಾಡಿದೆ.

ತಿಂಗಳ ಮೇಲೆ ನಾಲ್ಕು ದಿನ ಟೈಮು ಕೊಟ್ಟಿದ್ದಾರೆ. ಜುಲೈ ಹದಿನಾರಕ್ಕೆ ಕೆಡವುತ್ತಾರೆ.

ಜೂನ್ 14, ಶುಕ್ರವಾರ

ಅಂಗಡಿಯ ಮುಂದೆ ಹಾದು ಹೋದರೆ ದರ್ಜಿ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತುವುದಿಲ್ಲ. ಎದುರುಮನೆಯವಳು ಅಕ್ಕನಿಗೆ ಹಾಲು ತಂದುಕೊಡುತ್ತಾಳೆ, ನನಗೆ ಕೇಳುವ ಹಾಗೆ ಬಾಗಿಲು ಹಾಕಿಕೊಳ್ಳುತ್ತಾಳೆ. ಬೈದರೆ ಬೈಸಿಕೊಂಡು ಸುಮ್ಮನಾಗಬಹುದಿತ್ತು. ಯಾರೂ ಬೈಯುವುದಿಲ್ಲ.

ಮೇಷ್ಟ್ರು ಬಂದರು. ಈ ಸಲ ಚಪ್ಪಲಿ ಬಿಟ್ಟು, ಬಾಗಿಲಲ್ಲೇ ನಿಂತರು. ಭೂತಗನ್ನಡಿಯನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು.

"ನಿಮ್ಮ ವಸ್ತು."

"ಮೇಷ್ಟ್ರೇ, ಒಳಗೆ ಬನ್ನಿ..."

"ಅವತ್ತು ನಾನು ಓಡಿಕೊಂಡು ಬಂದೆನಲ್ಲ. ಟೀ ಕೊಟ್ರಲ್ಲ ನೀವು." ಕರ್ಚೀಫಿನ ಸಮೇತ ನನ್ನ ಕೈಗಿಟ್ಟರು. "ಅವತ್ತೇ ಒಂದು ಮಾತು ಹೇಳಿದ್ದಿದ್ರೆ, ಇಬ್ರೂ ಕೂತು ನಕ್ಕುಬಿಡಬಹುದಿತ್ತು. ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡ್ರೋ ಅಂತ ಕಿವಿ ಹಿಂಡಿದವನು ನಾನು. ಕೋರ್ಟಲ್ಲಿ ಆ ಲಾಯರು ನನ್ನ ನೋಡಿ ನಕ್ಕ ಕಣಮ್ಮ."

ಮೆಟ್ಟಿಲಿಳಿದು ಹೋದರು. ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿದುಕೊಂಡು. ಮಾರ್ಚಿನಲ್ಲಿ ಎರಡೆರಡು ಮೆಟ್ಟಿಲು ಹತ್ತಿದ್ದರು.

ಜುಲೈ 9, ಮಂಗಳವಾರ

ಅರ್ಧ ಓಣಿ ಖಾಲಿ. ನಮಗೂ ಬೇರೆ ಕಡೆ ಒಂದು ರೂಮು ಸಿಕ್ಕಿದೆ. ಮೂರನೇ ಮಹಡಿ. ಅಕ್ಕನ ಮಂಡಿಗೆ ಒಳ್ಳೇ ಮದ್ದು. ಪಾತ್ರೆ ಕಟ್ಟಿದ್ದಾಯಿತು.

ಹತ್ತಿಯ ಫೋನು. ಚಿತ್ರದಿಂದ ನನ್ನ ತೇಪೆ ತೆಗೆಯುತ್ತಾರಂತೆ. ಒಳ್ಳೆಯದು. "ಬೀರುವಿನ ಕೆಳಖಾನೆಯಲ್ಲಿ ಒಂದು ಕಾಗದದ ಪೊಟ್ಟಣ ಸಿಕ್ತು ಮೇಡಂ. ನಿಮ್ಮ ಕೈಬರಹ. ಚಿತ್ರದ ನಂಬರು, ತಾರೀಖು. ಒಳಗೆ ಚೂರುಗಳಿವೆ."

ಮರೆತೇ ಹೋಗಿತ್ತು. ಉದುರಿದ ಬಣ್ಣವನ್ನು ಬಿಸಾಡಬಾರದು, ಸಾಸಿವೆ ಕಾಳಿನಷ್ಟಿದ್ದರೂ ಪೊಟ್ಟಣ ಕಟ್ಟಿ ನಂಬರು ಹಾಕಿಡಬೇಕು—ಅದೂ ನಿಯಮ. ಬಾಕಿ ಎಲ್ಲ ನಿಯಮ ಮುರಿದವಳು ಇದೊಂದನ್ನು ಅಭ್ಯಾಸಬಲದಿಂದ ಪಾಲಿಸಿದ್ದೆ.

ಎಲ್ಲವೂ ತಾನಾಗಿ ಉದುರಿದ್ದಲ್ಲ. ಕೆಲವು ಅಂಟಿಕೊಂಡೇ ಇದ್ದವು, ಸುರುಟಿಕೊಂಡು. ಕಂದು, ಬೂದು. ಏನೋ ದುಂಡಗೆ ಇತ್ತು. ನಿಧಾನಕ್ಕೆ ಕೆಳಗೆ ಅಂಟು ತೂರಿಸಿ ಒತ್ತಿದ್ದರೆ ಕೂರುತ್ತಿದ್ದವೋ ಏನೋ. ಎರಡು ವಾರದ ಕೆಲಸ. ನನಗಿದ್ದದ್ದು ಮೂರು ದಿನ, ತಲೆಯಲ್ಲಿ ನನ್ನ ಓಣಿ. ಬ್ಲೇಡು ಹಿಡಿದು ಕೆರೆದುಬಿಟ್ಟೆ.

"ಎಲ್ಲಿಯದು ಎಲ್ಲಿಗೆ ಅಂತ ನಿಮಗೆ ಬಿಟ್ರೆ ಯಾರಿಗೂ ಗೊತ್ತಾಗಲ್ಲ. ಮುಂದಿನ ಮಂಗಳವಾರ ಬರ್ತೀರಾ?"

ಮುಂದಿನ ಮಂಗಳವಾರ ಹದಿನಾರು.

ಜುಲೈ 15, ಸೋಮವಾರ

ಲಾಯರಮ್ಮನ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ. ಪೊಟ್ಟಣದ ವಿಷಯ ಹೇಳಿದೆ. ಅದರಲ್ಲಿ ಓಣಿಯ ಗುರುತು ಏನಾದರೂ ಸಿಕ್ಕರೆ?

ನನ್ನ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪಾಗಿದೆ ಹುಡುಗಿಗೆ. "ಅದು ಯಾರ ಕೈಬರಹದ ಪೊಟ್ಟಣ ಆಂಟಿ? ಕೆರೆದವರು ಯಾರು? ಜೋಡಿಸೋರು ಯಾರು?"

ಬಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಿದೆ.

"ನಿಜವಾಗಿ ಸಿಕ್ರೂ ಯಾರೂ ನಂಬಲ್ಲ. ನಾನೂ..." ಅಂದವಳು ಬಾಗಿಲು ಹಾಕಿಕೊಂಡಳು. ಮೆಲ್ಲಗೆ, ಸದ್ದಾಗದ ಹಾಗೆ.

ನಾಳೆ ಹೋಗುವುದಿಲ್ಲ ಅಂತ ಅಕ್ಕನಿಗೆ ಹೇಳಿದೆ. ಮನೆ ಬೀಳುವ ದಿನ ಅವಳೊಬ್ಬಳನ್ನೇ ಬಿಟ್ಟು ಎಲ್ಲಿಗೆ ಹೋಗಲಿ.

"ಇಲ್ಲಿ ನಿಂತು ಅತ್ತು ನೀನೇನು ಗೋಡೆಗೆ ಆಸರೆ ಕೊಡ್ತೀಯಾ? ಎದುರುಮನೆಯವಳು ಇರ್ತಾಳೆ ನಂಜೊತೆ. ನೀನು ಹೋಗು. ಅಲ್ಲಿ ಏನಿತ್ತು ಅಂತ ನಂಗೆ ಗೊತ್ತಾಗ್ಬೇಕು." ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ನನ್ನನ್ನಂತೂ ಬರ್ದಿರಲ್ಲ ಅವನು."

ಜುಲೈ 16, ಮಂಗಳವಾರ, ಬೆಳಿಗ್ಗೆ 10

ರಿಪೇರಿ ರೂಮು. ಅದೇ ಮೇಜು, ಅದೇ ಕಿಟಕಿ. ಹತ್ತಿ ನನ್ನ ಹಳೇ ಸ್ಟೂಲನ್ನೇ ಇಟ್ಟಿದ್ದಾಳೆ. ನನ್ನ ತೇಪೆ ಅಳಿಸಿಯಾಗಿದೆ. ಮೆಟ್ಟಿಲು, ನೀಲಿ ಬಾಗಿಲು, ಅಕ್ಕ—ಎಲ್ಲ ಏಳೆಂಟು ಹತ್ತಿ ಕಡ್ಡಿಗಳಲ್ಲಿ ಕೊಳಕಾಗಿ ತಟ್ಟೆಯಲ್ಲಿ ಬಿದ್ದಿವೆ. ಮೂರು ದಿನದ ಸುಖ ಅರ್ಧ ಗಂಟೆಯಲ್ಲಿ ಹೋಯಿತಂತೆ.

ಚೂರುಗಳು ಹನ್ನೊಂದು. ದೊಡ್ಡದು ಕಿರುಬೆರಳ ಉಗುರಿನಷ್ಟು. ಭೂತಗನ್ನಡಿ ತಂದಿದ್ದೇನೆ. ಮೇಷ್ಟ್ರ ಕರ್ಚೀಫಿನಲ್ಲೇ ಇತ್ತು.

ಬೆಳಿಗ್ಗೆ ಏಳಕ್ಕೇ ಓಣಿಯ ಬಾಯಲ್ಲಿ ಮನೆ ಕೆಡವುವ ಮಷೀನು ಬಂದು ನಿಂತಿತ್ತು. ಅಕ್ಕ ಬಾವಿಕಟ್ಟೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಮೇಷ್ಟ್ರು ಅವಳ ಪಕ್ಕ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ.

11.20

ಆರು ಚೂರು ಕೂತವು. ಕಂದು ನೆಲ. ನೆಲದಲ್ಲಿ ಅಡ್ಡಗೆರೆಗಳು... ಮೆಟ್ಟಿಲು? ಇರಲಾರದು. ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ ಈಗ. ಹತ್ತಿಗೆ ಏನೂ ಹೇಳದೆ ನೋಡು ಅಂದೆ.

"ಮೆಟ್ಟಿಲು ಮೇಡಂ" ಅಂದಳು. ಎಣಿಸಿದಳು. ಐದು ಕಾಣುತ್ತವೆ.

12.45

ಹತ್ತಾಯಿತು. ಬೂದು ಬಣ್ಣದವು ನಾಲ್ಕು ಸೇರಿ ಬಳೆಯ ಮುಕ್ಕಾಲು ಭಾಗದಂತೆ ದುಂಡಗೆ ಬಂದವು. ಉಸಿರು ಬಿಟ್ಟರೆ ಹಾರಿಹೋಗುತ್ತವೆ ಅಂತ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೇವೆ ಇಬ್ಬರೂ.

1.10

ಹನ್ನೊಂದನೆಯದೂ ಕೂತಿತು.

ಕಲ್ಲಿನ ಕಟ್ಟೆ. ಒಳಗೆ ಕಪ್ಪು. ಕಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಮೂರು ಗೀರು. ನನಗಿಂತ ಚೆನ್ನಾಗಿ ಬರೆದಿದ್ದಾನೆ, ಪಾಪಿ. ನೂರ ಎಂಬತ್ತು ವರ್ಷದ ಹಿಂದೆಯೇ ಹಗ್ಗ ಉಜ್ಜಿ ಉಜ್ಜಿ ಗೀರು ಬಿದ್ದಿತ್ತು. ನಾನು ನನ್ನ ಬಾವಿಗೆ ಗೀರು ಬರೆದಿರಲಿಲ್ಲ. ದಿನಾ ನೋಡಿದ್ದೆ, ಬರೆಯಲು ಹೊಳೆದಿರಲಿಲ್ಲ.

ಇದೇ ಬಾವಿ. ಇದನ್ನು ಕೆರೆದು, ಇದರ ಮೇಲೆ ಇದನ್ನೇ ಬರೆದೆ.

ಹತ್ತಿ ಅಳುತ್ತಿದ್ದಾಳೆ. ನನಗೆ ಅಳು ಬರುತ್ತಿಲ್ಲ. ಫೋನು ಹೊಡೆದುಕೊಳ್ಳುತ್ತಿದೆ, ಅಕ್ಕನದು. ಮೊದಲು ಬಾವಿಯ ಕಡೆಯಿಂದಲೇ ಶುರು ಮಾಡುತ್ತೇವೆ ಅಂದಿದ್ದರು ಬೆಳಿಗ್ಗೆ ಮಷೀನಿನವರು. ಎತ್ತಿದ ತಕ್ಷಣ ಕೇಳುತ್ತಾಳೆ ಏನಿತ್ತೇ ಅಲ್ಲಿ ಅಂತ. ನಾನು ಏನು ಹೇಳಲಿ—